ಹೆಬ್ಬೆರಳಿಗೆ ಮೂವತ್ತು, ಉಸಿರಿಗೆ ಎಷ್ಟು?

ಕಾರ್ಮಿಕರ ಪರಿಹಾರ ಕಾಯ್ದೆ, 1923ರ ಕೊನೆಯಲ್ಲಿ ಒಂದು ಪಟ್ಟಿಯಿದೆ. ಮೊದಲನೇ ಅನುಸೂಚಿ ಎಂದು ಅದರ ಹೆಸರು. ಒಂದು ಕಡೆ ದೇಹದ ಭಾಗ, ಇನ್ನೊಂದು ಕಡೆ ಅಂಕಿ. ಹೆಬ್ಬೆರಳು ಹೋದರೆ 30. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9, ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿದರೆ 5. ನಡುಬೆರಳಿಗೆ 12. ಉಂಗುರಬೆರಳು, ಕಿರುಬೆರಳು ತಲಾ 7. ಒಂದು ಕಣ್ಣು ಹೋಗಿ ಇನ್ನೊಂದು ಸರಿಯಿದ್ದರೆ 40. ಎರಡೂ ಕೈ ಹೋದರೆ 100. ಈ ಅಂಕಿಗಳೆಲ್ಲ ಗಳಿಕೆಯ ಸಾಮರ್ಥ್ಯದಲ್ಲಿ ನೂರಕ್ಕೆ ಎಷ್ಟು ನಷ್ಟವಾಯಿತು ಎಂಬುದರ ಲೆಕ್ಕ.

ನಾನು ಸಾಹಿತ್ಯದ ವಿದ್ಯಾರ್ಥಿ. ಕೋಲಾರ ಚಿನ್ನದ ಗಣಿಯ ಬದುಕು ಬರಹಗಳಲ್ಲಿ ಹೇಗೆ ಬಂದಿದೆ ಎಂದು ಹುಡುಕುತ್ತಾ ಹೋದವಳಿಗೆ ಕಥೆ ಕಾದಂಬರಿಗಳಿಗಿಂತ ಮೊದಲು ಸಿಕ್ಕಿದ್ದು ಈ ಪಟ್ಟಿ. ಇದನ್ನೂ ಒಂದು ಪಠ್ಯದಂತೆ ಓದಬಹುದು ಎಂದು ಅನ್ನಿಸಿದ್ದು ತೋಳಿನ ಸಾಲುಗಳಿಗೆ ಬಂದಾಗ. ಭುಜದ ತುದಿಯಿಂದ 20.32 ಸೆಂಟಿಮೀಟರಿಗಿಂತ ಕಡಿಮೆ ತೋಳು ಉಳಿದರೆ 80, ಅದಕ್ಕಿಂತ ಹೆಚ್ಚು ಉಳಿದು ಮೊಣಕೈಯಿಂದ 11.43 ಸೆಂಟಿಮೀಟರಿನ ಒಳಗೆ ಕತ್ತರಿಸಿದ್ದರೆ 70. ಇಷ್ಟು ನಿಖರವಾದ ದಶಾಂಶ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. 20.32 ಅಂದರೆ ಎಂಟು ಇಂಚು, 11.43 ಅಂದರೆ ನಾಲ್ಕೂವರೆ ಇಂಚು. ಯಾರೋ ಗುಮಾಸ್ತರು ಹಳೆಯ ಇಂಚಿನ ಪಟ್ಟಿಯನ್ನು ಮೆಟ್ರಿಕ್‌ಗೆ ತಿರುಗಿಸಿದ್ದಾರೆ, ಅಷ್ಟೇ. ಬ್ರಿಟನ್ನಿನ ಕೈಗಾರಿಕಾ ಗಾಯಗಳ ಪಟ್ಟಿಯಲ್ಲೂ ಹೆಬ್ಬೆರಳಿಗೆ 30, ತೋರುಬೆರಳಿಗೆ 14, ಕಿರುಬೆರಳಿಗೆ 7. ನಮ್ಮ ಪಟ್ಟಿ ಈ ರೂಪಕ್ಕೆ ಬಂದದ್ದು 1962ರ ತಿದ್ದುಪಡಿಯಲ್ಲಿ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ತನ್ನೊಳಗೆ ಕರೆದುಕೊಂಡಿದೆ. ಪರದೇಶದ ದೇಹವೊಂದರ ಅಳತೆ ನಮ್ಮ ಕಮ್ಮಾರನಿಗೂ ಗಾರೆಯವನಿಗೂ ಬೀಡಿ ಕಟ್ಟುವವಳಿಗೂ ಒಂದೇ ಸಮ ಅನ್ವಯವಾಗುತ್ತಾ ಬಂದಿದೆ.

ಈ ಪಟ್ಟಿಯನ್ನು ಸರಿಯಾಗಿ ಓದಿದವರೊಬ್ಬರು ನ್ಯಾಯಾಲಯದಲ್ಲೇ ಇದ್ದರು. ಒಡಿಶಾದ ಒಬ್ಬ ಬಡಗಿ 1968ರಲ್ಲಿ ಸಿನಿಮಾ ಮಂದಿರವೊಂದರಲ್ಲಿ ಕೆಲಸ ಮಾಡುವಾಗ ಬಿದ್ದು, ಎಡಗೈಯನ್ನು ಮೊಣಕೈ ಮೇಲಿಂದ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಅದು ನೂರಾಗುವುದಿಲ್ಲ. ಪರಿಹಾರದ ಆಯುಕ್ತರು ನೂರು ಎಂದೇ ಬರೆದರು: ಬಡಗಿಯ ಕೆಲಸ ಒಂದು ಕೈಯಲ್ಲಿ ಆಗುವುದಿಲ್ಲ. ಮಾಲೀಕರು ಸುಪ್ರೀಂ ಕೋರ್ಟಿನ ತನಕ ಹೋದರು, 1975ರಲ್ಲಿ ಅಲ್ಲಿಯೂ ನೂರೇ ಉಳಿಯಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಎಂದು ಕಾನೂನಿನವರು ಇದನ್ನು ಕರೆಯುತ್ತಾರೆ. ಅಂದರೆ ನೆನಪಿನಲ್ಲಿ ಉಳಿದಿರುವುದು ಮಾಲೀಕನ ಹೆಸರು. ಅದೇನೇ ಇರಲಿ, ಕೈಯ ಬೆಲೆ ಕೈಯಲ್ಲಿಲ್ಲ, ಕೈ ಮಾಡುವ ಕೆಲಸದಲ್ಲಿದೆ ಎಂಬ ಈ ಓದು ನನಗೆ ಎಷ್ಟೋ ವಿಮರ್ಶಾ ಲೇಖನಗಳಿಗಿಂತ ದೊಡ್ಡದಾಗಿ ಕಂಡಿದೆ.

ಇನ್ನು ಕೆಜಿಎಫ್‌ಗೆ ಬರೋಣ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ದೇಹಕ್ಕೆ ಎರಡು ರೀತಿಯ ಹಾನಿಯಾಗುತ್ತಿತ್ತು. ಒಂದು, ಬಂಡೆ ಸಿಡಿತ. ಆಳದಲ್ಲಿ ಕಲ್ಲಿನ ಮೇಲಿನ ಒತ್ತಡ ಒಮ್ಮೆಗೇ ಬಿಡುಗಡೆಯಾಗಿ ಸುರಂಗದ ಗೋಡೆಯೇ ಸಿಡಿದು ಬೀಳುವುದು. ಅದಕ್ಕೆ ತಾರೀಖು ಇರುತ್ತದೆ, ಪಾಳಿ ಇರುತ್ತದೆ, ಗಾಯಗೊಂಡವರ ಹೆಸರು ಇರುತ್ತದೆ. ಹೋದದ್ದು ಕಾಲೋ ಕೈಯೋ ಕಣ್ಣೋ ಎಂದು ನೋಡಿ ಪಟ್ಟಿಯಲ್ಲಿ ಅಂಕಿ ಹುಡುಕಬಹುದು.

ಇನ್ನೊಂದು ದೂಳು. ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ, ಸಿಡಿಸಿದಾಗ ಏಳುವ ಸಿಲಿಕಾ ದೂಳಿನ ಅತಿ ಸಣ್ಣ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಕಾಣುವ ದೂಳು ಮೂಗಿನಲ್ಲೋ ಗಂಟಲಲ್ಲೋ ನಿಂತುಬಿಡುತ್ತದೆ, ಕಾಣದ್ದು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ದೇಹ ಅದನ್ನು ಕರಗಿಸಲು ಹೋಗಿ ಸೋಲುತ್ತದೆ, ಸೋತ ಜಾಗದಲ್ಲಿ ಗಾಯದ ಕಲೆಯಂಥ ಗಂಟು ಬೆಳೆಯುತ್ತದೆ. ಕೆಲಸ ಬಿಟ್ಟ ಮೇಲೂ ಬೆಳೆಯುತ್ತಲೇ ಇರಬಹುದು. ಕ್ಷಯ ಹತ್ತಿಕೊಳ್ಳುವ ಅಪಾಯವೂ ಹೆಚ್ಚು. ಈ ಸಿಲಿಕೋಸಿಸ್‌ಗೆ ತಾರೀಖು ಇಲ್ಲ. ಕಾನೂನಿಗೆ ತಾರೀಖು ಬೇಕೇಬೇಕು. ಹಾಗಾಗಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕೋಸಿಸನ್ನು ಉದ್ಯೋಗಜನ್ಯ ರೋಗ ಎಂದು ಸೇರಿಸಿ, ರೋಗದಿಂದ ಕೆಲಸಕ್ಕೆ ಬರಲಾಗದೆ ಸತತವಾಗಿ ಗೈರಾದ ಮೊದಲ ದಿನವನ್ನೇ ಅಪಘಾತದ ದಿನವೆಂದು ಭಾವಿಸಬೇಕು ಎಂದು ಬರೆದರು. ಇದನ್ನು ಒಂದು ಕಥನತಂತ್ರ ಎಂದೇ ಕರೆಯಬೇಕು. ಇಪ್ಪತ್ತು ವರ್ಷ ನಡೆದದ್ದನ್ನು ಒಂದು ಬೆಳಗಿನಲ್ಲಿ ನಡೆದಂತೆ ಹೇಳುವುದು.

1940ರ ದಶಕದಲ್ಲಿ ಎ. ಕ್ಯಾಪ್ಲನ್ ಮತ್ತು ಸಹೋದ್ಯೋಗಿಗಳು ಕೋಲಾರದ ಗಣಿ ಕಾರ್ಮಿಕರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಪರೀಕ್ಷಿಸಿದರು. ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡುಬಂತು. ಭಾರತದಲ್ಲಿ ಈ ರೋಗದ ಬಗ್ಗೆ ಯಾರೇ ಬರೆಯಲಿ, ಮೊದಲ ಪುಟಗಳಲ್ಲಿ ಕೋಲಾರದ ಹೆಸರು ಬರುತ್ತದೆ. ಬೇರೆ ಉದ್ಯಮಗಳ ಜೊತೆ ಹೋಲಿಸಿದ ಕೋಷ್ಟಕಗಳಲ್ಲಿ ಕೋಲಾರ ಮೇಲಿನ ಸಾಲುಗಳಲ್ಲೇ ಇರುತ್ತದೆ.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಾಲೀಕರನ್ನು ಹೋಲಿಸುವುದು ಹೇಗೆ ಎಂಬ ಪ್ರಶ್ನೆಯ ಗಂಟು ಇಲ್ಲೇ ಇದೆ. ನೂರಕ್ಕೆ ನಲವತ್ತು ಎಂದು ಓದಿದ ತಕ್ಷಣ ಕೆಟ್ಟ ಮಾಲೀಕ ಎನ್ನುತ್ತೇವೆ, ಕೆಟ್ಟದ್ದು ನಡೆದದ್ದೂ ನಿಜ. ಆದರೆ ಆ ಸಂಖ್ಯೆ ಸಿಕ್ಕಿದ್ದು ಎಕ್ಸ್‌ರೇ ತೆಗೆದದ್ದರಿಂದ. ತೆಗೆಯದ ಕಡೆ ಸಂಖ್ಯೆ ಸೊನ್ನೆ. ಹುಡುಕಿದವನ ಲೆಕ್ಕದಲ್ಲಿ ರೋಗಿಗಳಿರುತ್ತಾರೆ, ಹುಡುಕದವನ ಲೆಕ್ಕದಲ್ಲಿ ಆರೋಗ್ಯವಂತರು ಮಾತ್ರ. ಇಬ್ಬರನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟರೆ ಗೆಲ್ಲುವುದು ಹುಡುಕದವನು. ಟೇಲರ್ ಕಂಪನಿಯ ಬಗ್ಗೆ ನನಗೆ ಯಾವ ಮಮಕಾರವೂ ಇಲ್ಲ. ಅಳತೆ ಅವರಿಗೆ ಆಳುವ ಸಾಧನವೂ ಆಗಿತ್ತು. 1930ರಲ್ಲಿ ಕಾರ್ಮಿಕರ ಹೆಬ್ಬೆಟ್ಟಿನ ಗುರುತು ತೆಗೆದು ನೋಂದಾಯಿಸಲು ಹೊರಟಾಗ ಗಣಿಗಳು ಸುಮಾರು ಮೂರು ವಾರ ನಿಂತುಹೋದವು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಓದಿದವರಿಗೆ ಆ ಮುಷ್ಕರ ಗೊತ್ತಿರುತ್ತದೆ. ಬೇರೆ ಬೇರೆ ಊರುಗಳಿಂದ ಬಂದ, ಹೆಚ್ಚಿನವರು ತಮಿಳು ಮಾತಾಡುವ ದಲಿತರಾಗಿದ್ದ ಆ ಜನರಿಗೆ ತಮ್ಮ ದೇಹವನ್ನು ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳುವುದರ ಅರ್ಥ ಚೆನ್ನಾಗಿ ತಿಳಿದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸಿಲಿಕೋಸಿಸ್ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಶ್ವಾಸಕೋಶದ ಎಕ್ಸ್‌ರೇಗಳನ್ನು ಎಲ್ಲ ದೇಶಗಳವರೂ ಒಂದೇ ರೀತಿ ಓದುವ ಕ್ರಮ ಶುರುವಾದದ್ದು ಅಲ್ಲಿಂದ. ಒಂದು ಕಡೆ ಹೆಬ್ಬೆಟ್ಟು ಕೊಡುವುದಿಲ್ಲ ಎಂದವರು, ಇನ್ನೊಂದು ಕಡೆ ಅವರಂಥವರ ಎದೆಯ ಚಿತ್ರವನ್ನು ದರ್ಜೆ ದರ್ಜೆಯಾಗಿ ವಿಂಗಡಿಸುತ್ತಿದ್ದವರು. ಅಳತೆಯನ್ನು ಬಯಸುವುದೂ ಅದಕ್ಕೆ ಹೆದರುವುದೂ, ಎರಡಕ್ಕೂ ಕಾರಣವಿತ್ತು.

ಇದಕ್ಕೆಲ್ಲ ಕನ್ನಡದ ಓದುಗರಲ್ಲಿ ಜಾಗ ಇಲ್ಲ. ಈಗ ಕೆಜಿಎಫ್ ಎಂದರೆ ಸಿನಿಮಾ. 2018ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮೊದಲ ಭಾಗದಲ್ಲಿ ಕಣ್ಣು ಕಾಣದ ಕೂಲಿಯೊಬ್ಬ ಬರುತ್ತಾನೆ. ಅಲ್ಲಿ ಕೆಲಸಕ್ಕೆ ಬಾರದ ದೇಹಕ್ಕೆ ಮಾಲೀಕರ ಉತ್ತರ ಕೊಲೆ, ನಾಯಕನ ಉತ್ತರ ಇನ್ನೂ ಹೆಚ್ಚು ಕೊಲೆ. ಚಿತ್ರಮಂದಿರದಲ್ಲಿ ಸಿಳ್ಳೆ ಬಿದ್ದದ್ದು ಅಲ್ಲಿಯೇ. ಚಿತ್ರ ಕಾಲ್ಪನಿಕ, ಇತಿಹಾಸ ಹೇಳುವ ಹಂಗು ಅದಕ್ಕಿಲ್ಲ ಎಂಬುದನ್ನು ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಅಂಗವಿಕಲ ಕಾರ್ಮಿಕನನ್ನು ಅದು ಸಾವಿನ ಅಂಚಿಗೆ ತಳ್ಳಿ, ಕಾಪಾಡಿ, ಅಲ್ಲಿಗೆ ಮರೆತುಬಿಡುತ್ತದೆ. ಕಾಪಾಡಿದ ಮರುದಿನ ಅವನಿಗೆ ಯಾವ ಕೆಲಸ, ಎಷ್ಟು ಕೂಲಿ? ನಿಜವಾದ ಗಣಿಯಲ್ಲಿ ಕತೆ ಶುರುವಾಗುತ್ತಿದ್ದದ್ದು ಆ ಮರುದಿನದಿಂದ. ಅಲ್ಲಿ ಕತ್ತಿ ಇರಲಿಲ್ಲ. ಫಾರಂ ಇತ್ತು, ವೈದ್ಯಕೀಯ ಮಂಡಳಿ ಇತ್ತು, ‘ಅಂಡರ್‌ಗ್ರೌಂಡ್‌ಗೆ ಅನರ್ಹ, ಮೇಲಿನ ಕೆಲಸಕ್ಕೆ ಅರ್ಹ’ ಎಂಬಂಥ ಭಾಷೆ ಇತ್ತು. ಆ ಭಾಷೆಯನ್ನು ನಾವು ಇನ್ನೂ ಸಾಹಿತ್ಯದೊಳಗೆ ತಂದುಕೊಂಡಿಲ್ಲ.

ಕಳೆದ ವರ್ಷ ಮಾರಿಕುಪ್ಪಂ ಕಡೆಯ ಲೈನ್ ಮನೆಯೊಂದರಲ್ಲಿ ಕೂತಿದ್ದೆ. ಅಂಡರ್‌ಗ್ರೌಂಡ್‌ನಲ್ಲಿ ದುಡಿದು ಬಂದ ಹಿರಿಯರು ಮಂಚದ ಮೇಲೆ ಗೋಡೆಗೆ ಒರಗಿದ್ದರು, ಮಾತೆಲ್ಲ ಅವರ ಹೆಂಡತಿಯದೇ. ಎಷ್ಟು ಪರ್ಸೆಂಟ್ ಅಂತ ಬರೆದುಕೊಟ್ಟಿದ್ದಾರಾ ಪಾಟಿ ಎಂದು ಕೇಳಿದೆ. ಅವರು ಪರ್ಸೆಂಟ್ ವಿಷಯ ಬಿಟ್ಟು ಬೇರೆಯೇ ಲೆಕ್ಕ ಹೇಳಿದರು: “ಮುಂಚೆ ಸ್ಟೇಷನ್‌ಗಂಟ ಒಂದೇ ದಮ್ಮಲ್ಲಿ ಹೋಗ್ತಾ ಇದ್ರು ಕಣ್ಣು. ಆಮೇಲೆ ಒಂದು ಕಡೆ ಕೂತ್ಕೋಳೋರು. ಈಗ ನಾಲ್ಕು ಕಡೆ. ಮಳೆಗಾಲದಲ್ಲಿ ಹೋಗೋದೇ ಇಲ್ಲ.” ದಮ್ಮು ಎಂಬ ಒಂದೇ ಮಾತನ್ನು ಉಸಿರಿನ ಬಲಕ್ಕೂ ಉಬ್ಬಸದ ರೋಗಕ್ಕೂ ಬಳಸುವ ಜನ ನಾವು. ವೈದ್ಯರ ಸ್ಪೈರೋಮೀಟರು ಅಳೆಯುವುದನ್ನೇ ಆಕೆಯೂ ಅಳೆದಿದ್ದರು. ಜೊತೆಗೆ ಅವರ ಅಳತೆಯಲ್ಲಿ ದಾರಿಯೂ ಇತ್ತು, ಮಳೆಯೂ ಇತ್ತು, ಕೂರಲು ಕಟ್ಟೆ ಎಲ್ಲೆಲ್ಲಿದೆ ಎಂಬುದೂ ಇತ್ತು. ವಿಕಲತೆ ದೇಹದಲ್ಲಿ ಎಷ್ಟಿದೆಯೋ ದೇಹದ ಸುತ್ತಲೂ ಅಷ್ಟೇ ಇದೆ ಎಂದು ವಿಕಲತೆಯ ಅಧ್ಯಯನದ ಪುಸ್ತಕಗಳು ನೂರಾರು ಪುಟಗಳಲ್ಲಿ ಹೇಳುವುದು ಇದನ್ನೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಹೆಚ್ಚುಕಡಿಮೆ ಈ ಮಾತನ್ನೇ ತನ್ನ ವ್ಯಾಖ್ಯೆಯಲ್ಲಿ ಹೇಳುತ್ತದೆ. ಹೇಳಿದ ಮೇಲೆ, ಕೊನೆಯಲ್ಲಿ 21 ಬಗೆಯ ವಿಕಲತೆಗಳ ಪಟ್ಟಿ ಕೊಡುತ್ತದೆ. ಕುರುಡು, ಕಿವುಡು, ಚಲನದ ತೊಂದರೆ, ಆಟಿಸಂ, ಪಾರ್ಕಿನ್‌ಸನ್ಸ್, ಹಿಮೋಫಿಲಿಯಾ, ಕುಡುಗೋಲು ಕಣ ರೋಗ ಎಲ್ಲವೂ ಇವೆ. ದೂಳು ತಿಂದ ಶ್ವಾಸಕೋಶ ಇಲ್ಲ. ಮೀಸಲಾತಿಗೆ, ಬಹಳಷ್ಟು ಸವಲತ್ತಿಗೆ ಬೇಕಾದ ನೂರಕ್ಕೆ 40ರ ಗೆರೆಯನ್ನು ದಾಟುವ ಮಾತಿರಲಿ, ಆ ಗೆರೆಯ ಹತ್ತಿರ ನಿಲ್ಲಲೂ ಗಣಿಯವನಿಗೆ ಸಾಲು ಇಲ್ಲ. ರಾಜಸ್ಥಾನ 2019ರಲ್ಲಿ ಒಂದು ನೀತಿ ತಂದು, ಸಿಲಿಕೋಸಿಸ್ ದೃಢಪಟ್ಟವರಿಗೆ ಮೂರು ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ ಎರಡು ಲಕ್ಷ, ಜೊತೆಗೆ ವಿಕಲಚೇತನರ ಪಿಂಚಣಿಯನ್ನೇ ಕೊಡಲು ಶುರುಮಾಡಿತು. ಕಲ್ಲು ಗಣಿಗಳ ಆ ರಾಜ್ಯಕ್ಕೆ ಹೊಳೆದದ್ದು ಕೋಲಾರದ ಹೆಸರಿನಿಂದಲೇ ಈ ರೋಗದ ಚರಿತ್ರೆ ಶುರುವಾಗುವ ನಮ್ಮ ರಾಜ್ಯಕ್ಕೆ ಮೊದಲು ಹೊಳೆಯಬೇಕಿತ್ತು.

ಈಗಿನ ಕಂಪನಿಗಳನ್ನು ಹೋಲಿಸಲು ದಾಖಲೆಯೇನೋ ಇದೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022–23ರಿಂದ ಸೆಬಿಗೆ ಒಂದು ವರದಿ ಕೊಡಬೇಕು. ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಎಂದು ಅದರ ಉದ್ದ ಹೆಸರು. ಕೆಜಿಎಫ್‌ನಲ್ಲಿ 1960ರ ದಶಕದಿಂದ ಇರುವ ಬೆಮೆಲ್‌ನಂಥ ಸಾರ್ವಜನಿಕ ಉದ್ಯಮವೂ ಅದರೊಳಗೆ ಬರುತ್ತದೆ. ವಿಕಲಚೇತನ ನೌಕರರು ಎಷ್ಟು, ಕಟ್ಟಡಕ್ಕೆ ಅವರು ಬಂದು ಹೋಗಲು ಆಗುತ್ತದೆಯೇ, ಸಮಾನ ಅವಕಾಶದ ನೀತಿ ಇದೆಯೇ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳೇ. ಒಂದು ಕಂಪನಿಯ ಉತ್ತರವನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಆದರೆ ನಮೂನೆಯನ್ನು ಪೂರ್ತಿ ಓದಿ ನೋಡಿ. ರಜೆ ಮುಗಿಸಿ ಕೆಲಸಕ್ಕೆ ಮರಳಿದವರೆಷ್ಟು, ವರ್ಷದ ನಂತರವೂ ಉಳಿದವರೆಷ್ಟು ಎಂಬ ಅಚ್ಚುಕಟ್ಟಾದ ಪ್ರಶ್ನೆ ಕಡ್ಡಾಯದ ಭಾಗದಲ್ಲಿದೆ. ಅದು ಹೆರಿಗೆ ಮತ್ತು ಪಿತೃತ್ವ ರಜೆಯ ಕುರಿತದ್ದು. ಕೆಲಸದಲ್ಲಿ ತೀವ್ರವಾಗಿ ಗಾಯಗೊಂಡವರಲ್ಲಿ, ರೋಗಬಿದ್ದವರಲ್ಲಿ ಎಷ್ಟು ಜನರಿಗೆ ಪುನರ್ವಸತಿ ಮಾಡಿ ತಕ್ಕ ಕೆಲಸ ಕೊಟ್ಟಿರಿ ಎಂಬ ಪ್ರಶ್ನೆಯೂ ಇದೆ. ಅದನ್ನು ಇಟ್ಟಿರುವುದು ಇಷ್ಟವಿದ್ದರೆ ಉತ್ತರಿಸಬಹುದಾದ ಭಾಗದಲ್ಲಿ.

ಪುಟದ ಮೇಲೆ ಪ್ರಶ್ನೆ ಎಲ್ಲಿ ಕೂತಿದೆ ಎಂಬುದೂ ಅರ್ಥದ ಭಾಗ ಎಂದು ನಮಗೆ ಪದ್ಯ ಓದುವಾಗ ಹೇಳಿಕೊಡುತ್ತಾರೆ. ಈ ನಮೂನೆಯನ್ನು ಹಾಗೆ ಓದಿದರೆ ಕಾಣುವುದು ಇಷ್ಟು: ಹೊರಗಿನಿಂದ ವಿಕಲಚೇತನರಾಗಿಯೇ ಬಂದವರನ್ನು ಎಣಿಸುವುದು ಕಂಪನಿಗೆ ಗೌರವದ ವಿಷಯ. ಒಳಗೆ ಬಂದ ಮೇಲೆ ವಿಕಲರಾದವರನ್ನು ಎಣಿಸುವುದು ಮುಜುಗರದ ವಿಷಯ. ಇಬ್ಬರನ್ನೂ ಒಂದೇ ಸಂಖ್ಯೆಯೊಳಗೆ ಬೆರೆಸಿದರೆ ಏನೂ ಗೊತ್ತಾಗುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ಉತ್ತರಗಳಿವೆ, ತುಂಡು ತುಂಡಾಗಿ. ಗಣಿ ಕಾಯ್ದೆಯ 9ಎ ಕಲಮಿನ ಪ್ರಕಾರ, ಕೆಲಸದಿಂದಲೇ ಅನರ್ಹನಾದವನಿಗೆ ಗಣಿಯಲ್ಲೇ ಬೇರೆ ಕೆಲಸ ಕೊಡಬೇಕಿತ್ತು, ಇಲ್ಲದಿದ್ದರೆ ಭತ್ಯೆ ಕೊಡಬೇಕಿತ್ತು. 1995ರ ವಿಕಲಚೇತನರ ಕಾಯ್ದೆಯ 47ನೇ ಕಲಮು ಇನ್ನೂ ಮುಂದೆ ಹೋಯಿತು. ಸರ್ಕಾರಿ ಸಂಸ್ಥೆಯಲ್ಲಿ ನೌಕರಿಯಲ್ಲಿದ್ದಾಗ ವಿಕಲನಾದವನನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಹೊಂದುವ ಕೆಲಸ ಸಿಗದಿದ್ದರೆ ಹೆಚ್ಚುವರಿ ಹುದ್ದೆ ಹುಟ್ಟಿಸಿಯಾದರೂ ಉಳಿಸಿಕೊಳ್ಳಬೇಕು. ಆ ಕಾಯ್ದೆ ಜಾರಿಗೆ ಬಂದದ್ದು 1996ರ ಫೆಬ್ರವರಿಯಲ್ಲಿ. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಬರೀ ಐದು ವರ್ಷ. ಸಂಸ್ಥೆಯೇ ಇಲ್ಲವಾದರೆ ಹುದ್ದೆಯನ್ನು ಎಲ್ಲಿ ಹುಟ್ಟಿಸುವುದು? ಈ ಎಲ್ಲ ಕಲಮುಗಳೂ ಮಾಲೀಕ ಇದ್ದೇ ಇರುತ್ತಾನೆ ಎಂದು ನಂಬಿಕೊಂಡಿವೆ. ರೋಗಕ್ಕೆ ಅಂಥ ನಂಬಿಕೆ ಇಲ್ಲ, ಅದು ಮಾಲೀಕನಿಗಿಂತ ಹೆಚ್ಚು ಬದುಕುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿಯೂ ಚಿನ್ನದ ಗಣಿ, ಅಲ್ಲಿಯೂ ಬೆಣಚುಕಲ್ಲು. ಪರಿಹಾರದ ಕಾನೂನು ನಮಗಿಂತ ಹಳೆಯದು, ಆದರೆ ದಶಕಗಳ ಕಾಲ ಬಿಳಿಯರಿಗೆ ಒಂದು ಲೆಕ್ಕ, ಕರಿಯರಿಗೆ ಇನ್ನೊಂದು ಲೆಕ್ಕ. ಕೊನೆಗೆ ಹಳೆಯ ಕಾರ್ಮಿಕರೆಲ್ಲ ಸೇರಿ ಹೂಡಿದ ಸಾಮೂಹಿಕ ದಾವೆಯಲ್ಲಿ ಆರು ಕಂಪನಿಗಳು ಸುಮಾರು 500 ಕೋಟಿ ರ್‍ಯಾಂಡ್‌ಗಳ ಒಪ್ಪಂದಕ್ಕೆ ಬಂದವು. 2019ರ ಜುಲೈನಲ್ಲಿ ಕೋರ್ಟು ಅದನ್ನು ಒಪ್ಪಿತು. 1965ರಿಂದ ಈಚೆಗೆ ದುಡಿದವರು, ಊರಿಗೆ ಮರಳಿ ಲೆಸೊಥೊದಲ್ಲೋ ಮೊಜಾಂಬಿಕ್‌ನಲ್ಲೋ ಕೂತವರು ಕೂಡ ಅರ್ಜಿ ಹಾಕಬಹುದು. ಹಣ ಎಲ್ಲರಿಗೂ ತಲುಪಿತು ಎಂದು ನಾನು ಹೇಳುತ್ತಿಲ್ಲ. ಮುಚ್ಚಿದ ಶಾಫ್ಟಿನ ಲೆಕ್ಕವನ್ನೂ ಕೇಳಬಹುದು ಎಂಬುದಷ್ಟೇ ಇಲ್ಲಿ ಮುಖ್ಯ.

ಹಾಗಾದರೆ ಮಾಲೀಕರನ್ನು ಯಾವುದರಿಂದ ಅಳೆಯಬೇಕು? ಕೆನಡಾದಲ್ಲಿ ಕೆಲಸದ ಜಾಗದ ವಿಕಲತೆಯ ನಿರ್ವಹಣೆಯನ್ನು ಲೆಕ್ಕ ತಪಾಸಣೆಯಂತೆ ಪರಿಶೀಲಿಸಿ ಅಂಕ ಕೊಡುವ ಪದ್ಧತಿಯೊಂದಿದೆ. ಆಡಳಿತದವರೂ ಕಾರ್ಮಿಕರೂ ಕೂತು ಮಾತಾಡಿ, ಇಬ್ಬರೂ ಒಪ್ಪಿದ ಅಂಕವನ್ನೇ ಬರೆಯಬೇಕು. ನನಗೆ ಹಿಡಿಸಿದ್ದು ಅಂಕಕ್ಕಿಂತ ಆ ಕೂತು ಮಾತಾಡುವುದು. ಮೊದಲ ಅನುಸೂಚಿಯಲ್ಲಿ ಕಾರ್ಮಿಕನ ಮಾತಿಗೆ ಜಾಗವೇ ಇಲ್ಲ, ಅವನ ಬೆರಳಿಗೆ ಮಾತ್ರ ಇದೆ. ನನ್ನ ಕೈಗೆ ನಮೂನೆ ಕೊಟ್ಟರೆ ನಾನು ಕೇಳುವ ಪ್ರಶ್ನೆಗಳು ಕೆಲವೇ. ವರ್ಷದಲ್ಲಿ ಎಷ್ಟು ಜನರ ಎದೆ, ಕಿವಿ, ಕಣ್ಣು ಪರೀಕ್ಷಿಸಿದಿರಿ, ಫಲಿತಾಂಶವನ್ನು ಅವರ ಕೈಗೆ ಅವರ ಭಾಷೆಯಲ್ಲಿ ಕೊಟ್ಟಿರಾ? ಗಾಯವಾದವರು ಎಷ್ಟು ದಿನಕ್ಕೆ ಮರಳಿದರು, ಯಾವ ಕೆಲಸಕ್ಕೆ, ಕೂಲಿ ಎಷ್ಟು ಕಡಿಮೆಯಾಯಿತು? ಈ ಕೊನೆಯದು ನನಗೆ ಬಹಳ ಮುಖ್ಯ. ‘ಹಗುರ ಕೆಲಸ’ ಎಂಬ ಮಾತಿನಲ್ಲಿ ಹಗುರವಾಗುವುದು ಹೆಚ್ಚಾಗಿ ಸಂಬಳದ ಕವರು. ಮತ್ತೆ, ಗುತ್ತಿಗೆಯವರನ್ನು ಎಣಿಸಿದ್ದೀರಾ? ಗುತ್ತಿಗೆ ಮುಗಿದ ಮೇಲೆ ಅವರೆಲ್ಲಿದ್ದಾರೆ?

ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಸಾವಿರಾರು ಜನರಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬಹಳ. ಗಾರ್ಮೆಂಟ್ಸು, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಆಸ್ಪತ್ರೆಯ ವಾರ್ಡು. ಅಜ್ಜನಿಗೆ ಒಬ್ಬನೇ ಮಾಲೀಕ, ಬೈಯಲಿಕ್ಕಾದರೂ ಅವನ ಹೆಸರಿತ್ತು. ಮೊಮ್ಮಗಳಿಗೆ ಕಂಪನಿ ಒಂದು, ಏಜೆನ್ಸಿ ಇನ್ನೊಂದು, ಸಂಬಳ ಹಾಕುವವರು ಮತ್ತೊಬ್ಬರು. ಅವಳ ಬೆನ್ನು ಹೋದರೆ ಯಾವ ಮಾಲೀಕನ ವರದಿಯಲ್ಲಿ ಅದು ಬರಬೇಕು ಎಂಬುದೇ ಇತ್ಯರ್ಥವಾಗದ ಪ್ರಶ್ನೆ.

ಅದೇ ರೈಲಿನ ಕಿಟಕಿಯಿಂದ, ಮಾಲೂರು ಬರುವ ಮೊದಲು, ಟೇಕಲ್ ಸುತ್ತಿನ ಕಲ್ಲುಗುಡ್ಡಗಳು ಕಾಣುತ್ತವೆ. ಕೋಲಾರ ಜಿಲ್ಲೆಯ ಗ್ರಾನೈಟ್ ಕ್ವಾರಿಗಳಲ್ಲಿ, ಕ್ರಷರ್‌ಗಳಲ್ಲಿ ಏಳುವ ದೂಳಿನಲ್ಲೂ ಅದೇ ಸಿಲಿಕಾ ಇದೆ. ಮೂರು ಕಿಲೋಮೀಟರು ಕೆಳಗೆ ಇಳಿಯಬೇಕಾಗಿಲ್ಲ, ಬಿಸಿಲಿನಲ್ಲೇ ಸಿಗುತ್ತದೆ. ಕಲ್ಲು ಒಡೆಯುವವರು ಬಾಯಿಗೆ ಟವೆಲ್ ಕಟ್ಟಿಕೊಂಡಿರುತ್ತಾರೆ. ಟವೆಲ್ಲಿನ ನೇಯ್ಗೆ ತಡೆಯುವುದು ಕಣ್ಣಿಗೆ ಕಾಣುವ ದೂಳನ್ನು.